ದುಗ್ಗಕ್ಕನ ಮುಳ್ಳಿಗೆ ಸಿಗದ ಗಂಟು

ಕುರು ಎದ್ದರೆ ನಮ್ಮ ಪಂಜದವರು ಆಗೆಲ್ಲ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ, ದುಗ್ಗಕ್ಕನ ಮನೆಗೆ ಹೋಗುತ್ತಿದ್ದರು. ಕಂಕುಳಿನ ಕುರು, ಕುತ್ತಿಗೆಯ ಕುರು, ಕೂರಲಿಕ್ಕೇ ಬಿಡದ ಜಾಗದ ಕುರು, ಎಲ್ಲಕ್ಕೂ ಅವರದು ಒಂದೇ ಕ್ರಮ. ಅಕ್ಕಿಹಿಟ್ಟಿಗೆ ಅರಸಿನ ಸೇರಿಸಿ ಬೇಯಿಸಿ ಬಿಸಿಬಿಸಿಯಾಗಿ ಕಟ್ಟುವುದು, ಕುರು ಹಣ್ಣಾಗುವ ತನಕ ಕಾಯುವುದು, ಹಣ್ಣಾದ ದಿನ ಕುದಿಸಿದ ಲಿಂಬೆಮುಳ್ಳಿನಿಂದ ಒಂದೇ ಸಲ ಚುಚ್ಚುವುದು. ಅವರು ಎರಡನೆಯ ಸಲ ಚುಚ್ಚಿದ್ದನ್ನು ಯಾರೂ ಕಂಡಿಲ್ಲ. ನನ್ನದೂ ಒಂದನ್ನು ಒಡೆದಿದ್ದಾರೆ. ಎಲ್ಲಿ ಎಂದು ಮಾತ್ರ ಬರೆಯುವುದಿಲ್ಲ.

ನಾನು ಪುತ್ತೂರಿನವಳು, ಹೆಸರು ಪರಮೇಶ್ವರಿ. ಐವತ್ತೆಂಟನೆಯ ಇಸವಿಯಲ್ಲಿ ಪಂಜದ ಶಾಲೆಗೆ ಟೀಚರಾಗಿ ಬಂದಾಗ ದುಗ್ಗಕ್ಕನ ಪಕ್ಕದ ಮನೆಯಲ್ಲೇ ಬಿಡಾರ ಸಿಕ್ಕಿತು. ಹಾಗಾಗಿ ಮುಂದೆ ಹೇಳುವುದರಲ್ಲಿ ಹೆಚ್ಚಿನದು ನನ್ನ ಕಣ್ಣಾರೆ ಕಂಡದ್ದು. ಹಳ್ಳಿಮದ್ದೆಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಭಾಷಣ ಬಿಗಿಯುವವರನ್ನು ಕಂಡರಂತೂ ಮೈ ಉರಿಯುತ್ತದೆ. ಈ ಎರಡೂ ಜಾತಿಯವರು ಒಮ್ಮೆ ಬಾಯಿ ಮುಚ್ಚಿ ದುಗ್ಗಕ್ಕನ ಸಂಗತಿ ಕೇಳಬೇಕು ಎಂಬುದು ನನ್ನ ಬಹಳ ಕಾಲದ ಆಸೆ. ಅವರ ಮನೆಮಾತು ಅರೆಭಾಷೆ. ನನಗೆ ಅದು ಸರಿಯಾಗಿ ಬರೆಯಲು ಬಾರದ ಕಾರಣ ಅವರ ಮಾತನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ.

ದುಗ್ಗಕ್ಕನಿಗೆ ಈ ವಿದ್ಯೆ ಬಂದದ್ದು ಅತ್ತೆಯಿಂದ. ಕೊಡುವಾಗ ಅತ್ತೆ ಒಂದು ಕಟ್ಟು ಹಾಕಿದ್ದರು: ನಿನ್ನ ಒಲೆಯ ಅನ್ನ ಉಣ್ಣುವವರ ಮೈಗೆ ನಿನ್ನ ಮುಳ್ಳು ತಾಗಬಾರದು. ಸ್ವಂತದವರ ಮೈ ಮುಟ್ಟುವಾಗ ಕೈ ನಡುಗುತ್ತದೆ, ನಡುಗಿದ ಕೈಗೆ ಕೈಗುಣ ಇರುವುದಿಲ್ಲ ಎಂಬುದು ಅದರ ಅರ್ಥ. ಅದೇ ಅತ್ತೆಯ ಹತ್ತಿರ ಕಲಿತ ಇನ್ನೊಬ್ಬರೂ ಇದ್ದರು. ಅವರು ಅತ್ತೆಯ ಅಣ್ಣನ ಮಗ, ಕೊಲ್ಲಮೊಗ್ರಿನ ಕುಶಾಲಪ್ಪ. ಅವರದು ಮುಳ್ಳಲ್ಲ, ಬೆಂಕಿಯಲ್ಲಿ ಕಾಯಿಸಿದ ಚೂರಿ. ತನಗೊಬ್ಬನಿಗೇ ಬರಬೇಕಾಗಿದ್ದ ವಿದ್ಯೆಯನ್ನು ಸೊಸೆ ಎಂಬ ಪ್ರೀತಿಗೆ ಸೋದರತ್ತೆ ಹಂಚಿಬಿಟ್ಟರೆಂದು ಕುಶಾಲಪ್ಪನಿಗೆ ಹೊಟ್ಟೆಯುರಿ. ಅವರ ಚೂರಿಗೆ ಕಟುಕನ ಬುದ್ಧಿ ಎಂದು ದುಗ್ಗಕ್ಕನಿಗೆ ತಾತ್ಸಾರ. ನಂಟರಾಗಿದ್ದೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಿರಲಿಲ್ಲ. ಇವರು ಒಡೆದ ಕುರು ಮತ್ತೆ ಎದ್ದರೆ ಅವರಿಗೆ ಹಬ್ಬ, ಅವರು ಒಡೆದದ್ದು ಎದ್ದರೆ ಇವರಿಗೆ ಹಬ್ಬ.

ದುಗ್ಗಕ್ಕನ ಗಂಡ ಮೇದಪ್ಪಣ್ಣ ಮರ ಕೊಯ್ಯುವವರು. ಈಗಿನ ಹಾಗೆ ಮಿಲ್ಲುಗಳು ಆಗ ಮೂಲೆಮೂಲೆಗೆ ಇರಲಿಲ್ಲ. ಹೊಂಡ ತೋಡಿ, ಅದರ ಮೇಲೆ ದಿಮ್ಮಿ ಅಡ್ಡ ಇಟ್ಟು, ಒಬ್ಬ ದಿಮ್ಮಿಯ ಮೇಲೆ, ಒಬ್ಬ ಹೊಂಡದ ಒಳಗೆ ನಿಂತು ಉದ್ದದ ಗರಗಸ ಎಳೆಯಬೇಕು. ಮೇಲೆ ಮೇದಪ್ಪಣ್ಣ, ಕೆಳಗೆ ಅವರ ಜೊತೆಗಾರ ಪೋಕರ್ ಬ್ಯಾರಿ. "ಮೇಲಿನವನಿಗೆ ಗಾಳಿ, ಕೆಳಗಿನವನಿಗೆ ಹೊಟ್ಟು" ಎಂದು ಪೋಕರ್ ಯಾವಾಗಲೂ ಗೊಣಗುತ್ತಿದ್ದರು. ಆದರೆ ಜಾಗ ಬದಲಾಯಿಸಲು ಒಪ್ಪುತ್ತಿರಲಿಲ್ಲ. ದಿಮ್ಮಿಯ ಮೇಲೆ ಮೊಣಕಾಲು ಬಗ್ಗಿಸಿ ಬಗ್ಗಿಸಿ ನಿಲ್ಲುವುದು ಮೇದಪ್ಪಣ್ಣನಿಗೆ ಮಾತ್ರ ಒಗ್ಗಿದ ಕೆಲಸ.

ಅರವತ್ತೆರಡರ ಬೇಸಗೆ ಶುರುವಾಗುವಾಗ ಮೇದಪ್ಪಣ್ಣನ ಬಲಮೊಣಕಾಲಿನ ಹಿಂದುಗಡೆ, ಮಡಚುವ ಜಾಗದಲ್ಲಿ, ಒಂದು ಗಂಟು ಎದ್ದಿತು. ಮೊದಲು ಅಡಿಕೆಯಷ್ಟು, ಆಮೇಲೆ ಲಿಂಬೆಯಷ್ಟು. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಗಂಟು ಒಳಗಿನಿಂದ ಡಬ್ ಡಬ್ ಎಂದು ಹೊಡೆಯುತ್ತಿತ್ತು. ದುಗ್ಗಕ್ಕ ನೋಡಿ, "ಒಳಮುಖದ ಕುರು, ಹಣ್ಣಾಗ್ಲಿಕ್ಕೆ ತಡ ಉಂಟು" ಎಂದು ತೀರ್ಪು ಕೊಟ್ಟರು. ಲೇಪಕ್ಕೆ ಅತ್ತೆಯ ಕಟ್ಟು ಇಲ್ಲ, ಮುಳ್ಳಿಗೆ ಮಾತ್ರ. ಹಾಗಾಗಿ ಲೇಪ ಹಾಕಿದ್ದೇ ಹಾಕಿದ್ದು. ಗಂಟು ಕೆಂಪಾಗಲಿಲ್ಲ, ಮೂತಿ ಬಿಡಲಿಲ್ಲ. ಹೊಡೆಯುವುದು ಮಾತ್ರ ಜೋರಾಯಿತು. ಕಾಲಬೆರಳೊಂದು ನೀಲಿ ತಿರುಗಿತು. ಮೇದಪ್ಪಣ್ಣನಿಗೆ ದಿಮ್ಮಿ ಹತ್ತುವುದಿರಲಿ, ಅಂಗಳಕ್ಕೆ ಇಳಿಯುವುದೂ ಕಷ್ಟವಾಯಿತು.

"ನೀನೇ ಚುಚ್ಚು ಮಾರಾಯ್ತಿ, ನಂಗೆ ಸಾಕಾಯ್ತು" ಎಂದರು ಅವರು ಒಂದು ದಿನ.

"ಅತ್ತೆ ಹಾಕಿದ ಕಟ್ಟು ಉಂಟಲ್ಲ?"

"ಕಟ್ಟು ಒಲೆಗಲ್ವಾ? ನಾನು ನಾಲ್ಕು ದಿನ ಟೀಚರ ಮನೆಯಲ್ಲಿ ಉಣ್ತೇನೆ. ಮತ್ತೆ ನಾನು ನಿನ್ನ ಒಲೆಯವ ಅಲ್ಲ."

ನಗಬೇಡಿ. ದುಗ್ಗಕ್ಕ ಇದನ್ನು ಗಂಭೀರವಾಗಿ ಯೋಚಿಸಿದರು, ಯೋಚಿಸಿ ಒಪ್ಪಿದರು. ಅಂದಿನಿಂದ ಮೇದಪ್ಪಣ್ಣ ಕೋಲೂರಿಕೊಂಡು ನನ್ನ ಬಿಡಾರಕ್ಕೆ ಊಟಕ್ಕೆ ಬರತೊಡಗಿದರು. ನನ್ನ ಸಾರಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ಪಾಪ, ಒಳ್ಳೆಯ ಮನುಷ್ಯ. ಆದರೆ ಹೆಂಡತಿಯ ಅಡುಗೆಮನೆಯಿಂದ ಹುರುಳಿಯ ಪರಿಮಳ ಬಂದಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಚುಚ್ಚುವುದೆಂದು ನಿಶ್ಚಯವಾಯಿತು.

ಶುಕ್ರವಾರ ಬೆಳಿಗ್ಗೆ ದುಗ್ಗಕ್ಕ ಮುಳ್ಳು ಕುದಿಸಲು ಇಟ್ಟಿದ್ದರಷ್ಟೆ. ಯೇನೆಕಲ್ಲಿನಿಂದ ಜನ ಓಡಿ ಬಂದರು. ಹಸಿ ಬಾಣಂತಿಯ ಎದೆಯಲ್ಲಿ ಕುರು, ಮಗುವಿಗೆ ಹಾಲಿಲ್ಲ. ಅಂಥದ್ದಕ್ಕೆ ನಾಳೆ ಎನ್ನುವ ಹೆಂಗಸಲ್ಲ ದುಗ್ಗಕ್ಕ. ಗಂಡನ ಗಂಟು ಸಂಜೆಗೆ ಎಂದು ಹೇಳಿ ಹೊರಟುಹೋದರು.

ಗೆಳೆಯನ ನರಳಾಟ ನೋಡಲಾಗದ ಪೋಕರ್ ಈ ನಡುವೆ ತಮ್ಮದೇ ಒಂದು ದಾರಿ ಹಿಡಿದಿದ್ದರು. ದುಗ್ಗಕ್ಕ ಮಧ್ಯಾಹ್ನ ತಿರುಗಿ ಬರುವಾಗ ಜಗಲಿಯಲ್ಲಿ ಮೇದಪ್ಪಣ್ಣ ಬೋರಲು ಮಲಗಿದ್ದಾರೆ, ಪಕ್ಕದಲ್ಲಿ ಕೆಂಡದ ಮಡಕೆ, ಅದರೊಳಗೆ ಚೂರಿ, ಚೂರಿಯ ಎದುರು ಕುಶಾಲಪ್ಪ! ಕರೆದು ತಂದ ಪೋಕರ್ ಕಂಬದ ಮರೆಯಲ್ಲಿ ನಿಂತಿದ್ದರು. ನಾನು ಶಾಲೆಯಿಂದ ಊಟಕ್ಕೆ ಬಂದವಳು ಬೇಲಿಯ ಹತ್ತಿರವೇ ನಿಂತುಬಿಟ್ಟೆ.

"ನನ್ನ ಮನೆಯ ಜಗಲಿಯಲ್ಲಿ ಯಾರ ಚೂರಿ ಅದು?" ಎಂದರು ದುಗ್ಗಕ್ಕ.

"ಭಾವನ ಕಾಲು ನೋಡ್ಲಿಕ್ಕೆ ಬಂದದ್ದು. ನಿನ್ನ ಮುಳ್ಳು ಕೋಳಿಮರಿಯ ಕುರುವಿಗೆ ಸರಿ ತಂಗಿ, ಇಂಥದ್ದಕ್ಕೆಲ್ಲ ಚೂರಿಯೇ ಆಗಬೇಕು" ಎಂದು ಕುಶಾಲಪ್ಪ ನಕ್ಕರು. "ಟೀಚರ ಮನೆಯಲ್ಲಿ ಉಣ್ಲಿಕ್ಕೆ ಕಳಿಸಿದ್ದಿಯಂತೆ? ಒಲೆ ಬದಲಾದ್ರೆ ಗಂಡ ಬದಲಾಗ್ತಾನಾ? ಅತ್ತೆ ಇದ್ದಿದ್ರೆ ಸೌಟಿನಲ್ಲೇ ಕೊಡ್ತಿದ್ರು ನಿಂಗೆ."

ದುಗ್ಗಕ್ಕನ ಮುಖ ಕೆಂಡಕ್ಕಿಂತ ಕೆಂಪಾಯಿತು. ಮಡಕೆಯನ್ನು ಬಟ್ಟೆ ಸುತ್ತಿ ಎತ್ತಿ ಅಂಗಳಕ್ಕೆ ಎಸೆದರು. ಚೂರಿ ತೆಂಗಿನ ಬುಡಕ್ಕೆ ಹೋಗಿ ಬಿತ್ತು. ಆಮೇಲಿನ ಮಾತುಗಳು ನಾನು ಬರೆಯುವಂಥವಲ್ಲ. ಮೇದಪ್ಪಣ್ಣ ಮಲಗಿದಲ್ಲಿಂದಲೇ, "ಕಾಲು ನಂದು, ಜಗಳ ನಿಮ್ಮದು" ಎಂದದ್ದು ಮಾತ್ರ ಬರೆಯಬಹುದು. ಕುಶಾಲಪ್ಪ ಚೂರಿ ಒರೆಸಿಕೊಂಡು ಎದ್ದರು. ಹೋಗುವಾಗ ತಿರುಗಿ ನಿಂತು, "ನಾಳೆ ನನ್ನ ಮನೆ ಬಾಗಿಲಿಗೆ ಬರ್ತಿ ನೋಡು" ಎಂದರು.

ಅತ್ತ ದರಿ ಇತ್ತ ಪುಲಿ. ತಾವೇ ಚುಚ್ಚುವ ಹಾಗಿಲ್ಲ, ಕಟ್ಟು ಮುರಿದಳೆಂದು ಕುಶಾಲಪ್ಪ ಊರೂರಿಗೆ ಸಾರುತ್ತಾರೆ. ಕುಶಾಲಪ್ಪನ ಬಾಗಿಲಿಗೆ ಹೋಗುವುದೆಂದರೆ ಅದಕ್ಕಿಂತ ಸಾಯುವುದು ಮೇಲು. ಗಂಡನನ್ನು ಹಾಗೆಯೇ ಬಿಡುವಂತೆಯೂ ಇಲ್ಲ. ದುಗ್ಗಕ್ಕ ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತು ಯೋಚಿಸಿ, ಬೇಲಿಯ ಬಳಿ ಇದ್ದ ನನ್ನನ್ನು ಕರೆದರು.

"ಟೀಚರೇ, ನಿಮ್ಮ ಪುತ್ತೂರಿನಲ್ಲಿ ಒಳ್ಳೆ ಡಾಕ್ಟ್ರು ಇದ್ದಾರೆ ಹೇಳಿದ್ರಲ್ಲ, ಅವರು ಕುರು ಒಡೀತಾರಾ?"

ಹೀಗೆ, ಡಾಕ್ಟರ ಮೇಲಿನ ನಂಬಿಕೆಯಿಂದ ಅಲ್ಲ, ಕುಶಾಲಪ್ಪನ ಮೇಲಿನ ಹಟದಿಂದ ನಾವು ಮರುದಿನ ಬೆಳಗಿನ ಬಸ್ಸು ಹತ್ತಿದೆವು. ಮೇದಪ್ಪಣ್ಣನನ್ನು ಪೋಕರ್ ಬೆನ್ನ ಮೇಲೆ ಹೊತ್ತು ತಂದು ಕೂರಿಸಿದರು. ಅವರಿಗೆ ಅದು ಪ್ರಾಯಶ್ಚಿತ್ತ.

ಪುತ್ತೂರಿನ ಡಾಕ್ಟರ್ ಉದಯಶಂಕರ ವಯಸ್ಸಿನಲ್ಲಿ ಸಣ್ಣವರು, ಮಾತು ಕಮ್ಮಿ. ಗಂಟಿನ ಮೇಲೆ ಅಂಗೈ ಇಟ್ಟರು, ಕಿವಿಗೆ ಸಿಕ್ಕಿಸಿದ ಕೊಳವೆ ಇಟ್ಟು ಕೇಳಿದರು. ಮತ್ತೆ ಕೇಳಿದರು. ಆಮೇಲೆ ದುಗ್ಗಕ್ಕನ ಕಡೆ ತಿರುಗಿ, "ಅಮ್ಮ, ನೀವು ಇದರ ಮೇಲೆ ಕೈ ಇಡಿ" ಎಂದರು. ದುಗ್ಗಕ್ಕ ಇಟ್ಟರು. ಗಂಟು ಅವರ ಅಂಗೈಯನ್ನು ಎತ್ತಿ ಎತ್ತಿ ಬಿಡುತ್ತಿದ್ದದ್ದು ನನಗೂ ಕಾಣುತ್ತಿತ್ತು. ಡಾಕ್ಟರು ಮೇದಪ್ಪಣ್ಣನ ತೊಡೆಸಂದಿನಲ್ಲಿ ಹೆಬ್ಬೆರಳು ಊರಿ ಬಲವಾಗಿ ಒತ್ತಿದರು. ಹೊಡೆತ ನಿಂತಿತು. ನಿಂತದ್ದು ಮಾತ್ರವಲ್ಲ, ಲಿಂಬೆಯಷ್ಟಿದ್ದ ಗಂಟು ದುಗ್ಗಕ್ಕನ ಕೈಯ ಕೆಳಗೇ ಮೆತ್ತಗಾಗಿ ಇಳಿಯಿತು. ಡಾಕ್ಟರು ಹೆಬ್ಬೆರಳು ತೆಗೆದರು. ಗಂಟು ಪುನಃ ಎದ್ದು ಹೊಡೆಯತೊಡಗಿತು.

ದುಗ್ಗಕ್ಕ ಕೈ ಹಿಂದಕ್ಕೆ ತೆಗೆದುಕೊಂಡರು.

"ಇದು ಕುರು ಅಲ್ಲ" ಎಂದರು ಡಾಕ್ಟರು. "ಒಳಗೆ ಕೀವು ಇಲ್ಲ. ಇದು ಕಾಲಿಗೆ ರಕ್ತ ಕೊಂಡುಹೋಗುವ ದೊಡ್ಡ ನಾಳ. ಸೈಕಲ್ಲಿನ ಹಳೆ ಟ್ಯೂಬು ಒಂದು ಕಡೆ ಸಡಿಲವಾಗಿ ಉಬ್ಬುತ್ತದಲ್ಲ, ಹಾಗೆ ಉಬ್ಬಿದೆ. ಇದಕ್ಕೆ ಅನ್ಯೂರಿಸಂ ಅಂತ ಹೆಸರು. ಒಳಗೆ ಹೆಪ್ಪುಗಟ್ಟಿದ ರಕ್ತ ಚೂರುಚೂರಾಗಿ ಕೆಳಗೆ ಹೋಗಿ ಬೆರಳು ನೀಲಿಯಾಗಿದೆ. ಬಿಟ್ಟರೆ ಪಾದ ಕಪ್ಪಾಗುತ್ತದೆ, ಕಾಲು ತೆಗೆಯಬೇಕಾಗುತ್ತದೆ."

"ಚುಚ್ಚಿದ್ರೆ?" ದುಗ್ಗಕ್ಕನ ಧ್ವನಿ ನನಗೇ ಸರಿಯಾಗಿ ಕೇಳಲಿಲ್ಲ.

"ಚುಚ್ಚಿದವರು ಕೈ ತೊಳೆದು ಬರುವಷ್ಟರಲ್ಲಿ ಮುಗಿಯುತ್ತಿತ್ತು."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಆ ದೊಣ್ಣೆ ಎರಡು ಕಡೆಯಿಂದ ಬೀಸಿತ್ತು. ಹೆಂಡತಿಯ ಮುಳ್ಳು ಒಂದು ಕಡೆ, ಭಾವನ ಚೂರಿ ಇನ್ನೊಂದು ಕಡೆ. ಇಬ್ಬರ ಜಗಳದ ಸಂದಿನಲ್ಲಿ ಮೇದಪ್ಪಣ್ಣ ಬದುಕಿಕೊಂಡಿದ್ದರು. ದುಗ್ಗಕ್ಕ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು, ಪುನಃ ಒರೆಸಿಕೊಂಡರು. ಆದರೆ ಅವರು ಕೂತಲ್ಲೇ ಕೂರುವವರಲ್ಲ.

"ಸರಿ. ಇದನ್ನು ಸರಿ ಮಾಡುವವರು ಎಲ್ಲಿದ್ದಾರೆ ಹೇಳಿ, ಡಾಕ್ಟ್ರೇ. ನಾವು ಅಲ್ಲಿಗೆ ಹೋಗ್ತೇವೆ."

ಡಾಕ್ಟರು ಮದರಾಸು ಎಂದರು. ನಮ್ಮ ಜಿಲ್ಲೆಯನ್ನು ಮೈಸೂರಿಗೆ ಸೇರಿಸಿ ಆರು ವರ್ಷವಾಗಿತ್ತು. ಆದರೆ ನಮ್ಮ ದೊಡ್ಡ ಕಾಯಿಲೆಗಳನ್ನು ಯಾರೂ ಇನ್ನೂ ಸೇರಿಸಿರಲಿಲ್ಲ, ಅವು ಮದರಾಸಿಗೇ ಹೋಗುತ್ತಿದ್ದವು. ಶಾಲೆಗೆ ದೊಡ್ಡ ರಜೆ ಬಂದದ್ದರಿಂದ ನಾನೂ ಹೊರಟೆ. ಪೋಕರ್ ಕರೆಯದೆಯೇ ಹೊರಟರು. ಮಂಗಳೂರಿನಲ್ಲಿ ರೈಲು ಹತ್ತಿ, ಇಡೀ ದಾರಿ ಮೇದಪ್ಪಣ್ಣನ ಕಾಲನ್ನು ಸರದಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆವು.

ಮದರಾಸಿನ ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ನಾಳಕ್ಕೆ ಮದ್ದು ಚುಚ್ಚಿ ಎಕ್ಸ್‌ರೇ ತೆಗೆದರು. ನಾಳದ ದಾರಿ ಪಟದಲ್ಲಿ ಬಿಳಿಯಾಗಿ ಕಂಡಿತು, ಮೊಣಕಾಲಿನ ಹತ್ತಿರ ಚೀಲದ ಹಾಗೆ ಉಬ್ಬಿತ್ತು. ಪಕ್ಕದ ಮಂಚದಲ್ಲಿ ಒಬ್ಬರು ತಮಿಳು ವ್ಯಾಪಾರಿ. ಅವರಿಗೆ ಹೊಟ್ಟೆಯೊಳಗಿನ ಮಹಾನಾಳವೇ ಹೀಗೆ ಉಬ್ಬಿತ್ತಂತೆ. ಅದನ್ನು ಕತ್ತರಿಸಿ ಬಟ್ಟೆಯಿಂದ ನೇಯ್ದ ಕೊಳವೆ ಹೊಲಿದಿದ್ದರು. ಮಲೆಯಾಳಿ ನರ್ಸ್ ಇದನ್ನು ಹೇಳಿದಾಗ ಪೋಕರ್ ನಂಬಲಿಲ್ಲ. ದುಗ್ಗಕ್ಕ ಮಾತ್ರ ಆ ವ್ಯಾಪಾರಿಯ ಹೊಟ್ಟೆಯನ್ನು ತುಂಬ ಹೊತ್ತು ನೋಡಿ, "ಬಟ್ಟೆಯಲ್ಲಿ ರಕ್ತ ಸೋರುದಿಲ್ವಾ?" ಎಂದು ಕೇಳಿದರು. ಮೊದಲಿಗೆ ಸ್ವಲ್ಪ ಸೋರುತ್ತದೆ, ಆಮೇಲೆ ರಕ್ತವೇ ಹೆಪ್ಪುಗಟ್ಟಿ ನೇಯ್ಗೆಯ ಸಂದುಗಳನ್ನು ಮುಚ್ಚುತ್ತದೆ ಎಂದರು ನರ್ಸ್. ದುಗ್ಗಕ್ಕ ತಲೆದೂಗಿದರು. ಕುರು ಮಾಯುವುದೂ ಹಾಗೇ ಅಲ್ವಾ ಎಂದು ನನ್ನ ಹತ್ತಿರ ಹೇಳಿದರು.

ಸರ್ಜನ್ ಎತ್ತರದ ಮನುಷ್ಯ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ದುಗ್ಗಕ್ಕನಿಗೆ ಹೇಳಿದೆ. ಎರಡು ದಾರಿ ಉಂಟು. ಹಳೆಯದು, ಗಂಟಿನ ಮೇಲೆಯೂ ಕೆಳಗೂ ನಾಳವನ್ನು ಕಟ್ಟಿಬಿಡುವುದು. ಅಕ್ಕಪಕ್ಕದ ಸಣ್ಣ ನಾಳಗಳು ಪಾದವನ್ನು ಸಾಕಿದರೆ ಕಾಲು ಉಳಿಯುತ್ತದೆ, ಸಾಕದಿದ್ದರೆ ತೆಗೆಯಬೇಕು. ಹೊಸದು, ಎಡಗಾಲಿನಿಂದ ಉದ್ದದ ಒಂದು ಅಭಿಧಮನಿಯನ್ನು, ಎಂದರೆ ರಕ್ತವನ್ನು ಎದೆಯ ಕಡೆಗೆ ತಿರುಗಿ ಒಯ್ಯುವ ನಾಳವನ್ನು ತೆಗೆದು, ಕೆಟ್ಟ ಜಾಗವನ್ನು ದಾಟಿಸಿ ಬಲಗಾಲಿಗೆ ಹೊಲಿಯುವುದು. ಆ ನಾಳದೊಳಗೆ ಒಂದೇ ಕಡೆಗೆ ತೆರೆಯುವ ಬಾಗಿಲುಗಳು ಇರುವುದರಿಂದ ಅದನ್ನು ತಲೆಕೆಳಗೆ ಮಾಡಿ ಹೊಲಿಯಬೇಕು. ಗೆದ್ದರೆ ಮೊದಲಿನ ಹಾಗೆ ನಡೆಯಬಹುದು. ಹೊಲಿಗೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಕಾಲೂ ಹೋದೀತು, ಜೀವಕ್ಕೂ ಅಪಾಯ. ಯಾವುದೆಂದು ಮನೆಯವರು ಹೇಳಬೇಕು.

ಮೇದಪ್ಪಣ್ಣ, "ಅವಳನ್ನು ಕೇಳಿ" ಎಂದು ಕಣ್ಣು ಮುಚ್ಚಿಕೊಂಡರು.

"ಅವರ ಕೈ ತೋರಿಸ್ಲಿಕ್ಕೆ ಹೇಳಿ ಟೀಚರೇ" ಎಂದರು ದುಗ್ಗಕ್ಕ.

ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಹೇಳಿದೆ. ಸರ್ಜನ್ ನಕ್ಕು ಎರಡೂ ಕೈ ಚಾಚಿದರು. ದುಗ್ಗಕ್ಕ ಹಿಡಿದು ತಿರುಗಿಸಿ, ಉಗುರು ನೋಡಿ, ಬೆರಳಿನ ತುದಿಗಳನ್ನು ಒತ್ತಿ ನೋಡಿದರು. "ಕೈ ಆಗಬಹುದು. ಇನ್ನೊಂದು ಕೇಳಿ. ಅವರ ಅಪ್ಪನಿಗೆ ಹೀಗಾದ್ರೆ ಅವರು ಎಂತ ಮಾಡ್ತಿದ್ರು? ಕಟ್ಟುದಾ, ಹೊಲಿಯುದಾ?"

ಸರ್ಜನ್ ಈಗ ನಗಲಿಲ್ಲ. ಸ್ವಲ್ಪ ಯೋಚಿಸಿ, "ಹೊಲಿಯಿರಿ ಎನ್ನುತ್ತಿದ್ದೆ. ಆದರೆ ನಾನು ಹೊಲಿಯುತ್ತಿರಲಿಲ್ಲ. ಬೇರೆ ಸರ್ಜನ್ನರ ಕೈಗೆ ಕೊಡುತ್ತಿದ್ದೆ. ಸ್ವಂತದವರ ಮೈಗೆ ನಾವು ಚೂರಿ ಇಡುವುದಿಲ್ಲ" ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ದುಗ್ಗಕ್ಕನ ಮುಖದಲ್ಲಿ ಬಂದ ಗೆಲುವನ್ನು ಏನೆಂದು ಬರೆಯಲಿ! ನಂಟರ ಮನೆಗೆ ಬಂದು ಮುಟ್ಟಿದವರ ಹಾಗೆ ಕಂಡರು. "ಇವರಿಗೂ ಯಾರೋ ಅತ್ತೆ ಕಟ್ಟು ಹಾಕಿದ್ದಾರೆ" ಎಂದರು. "ಹೊಲೀಲಿಕ್ಕೆ ಹೇಳಿ. ಹೆದರಿಕೆ ಇಲ್ಲ."

ರಕ್ತ ಬೇಕೆಂದಾಗ ಪೋಕರ್ ಅವರದು ಹೊಂದಿತು. ಕೊಟ್ಟು ಬಂದು ಚಹಾ ಕುಡಿಯುತ್ತಾ, "ಇನ್ನು ಮೇಲೆ ಗರಗಸದ ಎರಡು ಕಡೆಯೂ ನಾನೇ" ಎಂದು ಬೀಗಿದರು.

ಮಧ್ಯಾಹ್ನದ ತನಕ ಹೊಲಿದರು. ಹೊರಗೆ ತಂದಾಗ ಪಾದ ಬಿಳುಪಾಗಿ ತಣ್ಣಗೆ ಇತ್ತು. ಸರ್ಜನ್ ಮುಟ್ಟಿ ನೋಡಿ, ನಾಳ ಬಿಗಿದುಕೊಂಡಿದೆ, ಸಡಿಲವಾಗಬೇಕು, ಕಾಯೋಣ ಎಂದರು. ಕಾಯುವಾಗ ಏನು ನೋಡಬೇಕೆಂದು ದುಗ್ಗಕ್ಕ ಕೇಳಿದರು. ಸರ್ಜನ್ ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ನೇರಕ್ಕೆ ಒಂದು ಜಾಗ ತೋರಿಸಿ, ಅಲ್ಲಿ ಬೆರಳು ಇಡಲು ಕಲಿಸಿದರು. ರಕ್ತ ಇಳಿದರೆ ಅಲ್ಲಿ ಮಿಡಿಯುತ್ತದೆ.

ದುಗ್ಗಕ್ಕ ಮಂಚದ ಬುಡದಲ್ಲಿ ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ಜನ್ಮವಿಡೀ ಬೇರೆಯವರ ಮೈಯ ಮೇಲೆ ಬೆರಳು ಇಟ್ಟು ಗೊತ್ತು ಗೊತ್ತು ಎನ್ನುತ್ತಿದ್ದ ಹೆಂಗಸು ಅವತ್ತು ಏನೂ ಗೊತ್ತಿಲ್ಲದ ಮಗುವಿನ ಹಾಗೆ ಕೂತಿದ್ದರು. ಹತ್ತಿರ ಹೋಗಿ ಕೂತಾಗ ನನ್ನ ಕೈ ಹಿಡಿದುಕೊಂಡರು. "ಟೀಚರೇ, ನಾನು ಮುಳ್ಳು ಕುದಿಸ್ಲಿಕ್ಕೆ ಇಟ್ಟಿದ್ದೆ" ಎಂದರು. ಮತ್ತೆ ಅತ್ತರು. ನಾನೂ ಅತ್ತೆ. ಆ ಗಂಡಹೆಂಡತಿಯ ಮೇಲೆ ನನಗೆ ಅಷ್ಟು ಪ್ರೀತಿ ಇತ್ತೆಂದು ಅವತ್ತೇ ನನಗೆ ತಿಳಿದದ್ದು.

ಸಂಜೆ ಬಿಸಿಲು ಕಿಟಕಿಯಿಂದ ಇಳಿಯುವಾಗ ದುಗ್ಗಕ್ಕ, "ಉಂಟು" ಎಂದರು. ಮೊದಲು ಮೆಲ್ಲಗೆ, ಆಮೇಲೆ ಇಡೀ ವಾರ್ಡಿಗೆ ಕೇಳುವ ಹಾಗೆ. "ಉಂಟು! ಉಂಟು ಮಾರಾಯ್ರೆ, ಹೊಡೀತಾ ಉಂಟು!" ನರ್ಸ್ ಓಡಿ ಬಂದು ಬೆರಳು ಇಟ್ಟು ನೋಡಿ ಸರ್ಜನ್ನರನ್ನು ಕರೆದರು. ಪಾದ ಬೆಚ್ಚಗಾಗಿತ್ತು. ಮೇದಪ್ಪಣ್ಣ ಕಣ್ಣು ಬಿಟ್ಟು, ಇಷ್ಟು ಗಲಾಟೆ ಯಾಕೆ, ಬೀಡಿ ಉಂಟಾ ಎಂದು ಕೇಳಿದರು. ಇನ್ನು ಜನ್ಮದಲ್ಲಿ ಬೀಡಿ ಮುಟ್ಟಬಾರದೆಂದು ಸರ್ಜನ್ ಹೇಳಿದ್ದನ್ನು ನಾನು ಬಹಳ ಸಂತೋಷದಿಂದ ಕನ್ನಡದಲ್ಲಿ ಹೇಳಿದೆ.

ಊರಿಗೆ ಬಂದ ಮೇಲೆ ಮೇದಪ್ಪಣ್ಣ ಮೊದಲು ಅಂಗಳದಲ್ಲಿ, ಆಮೇಲೆ ಗದ್ದೆಯ ಬದುವಿನಲ್ಲಿ ನಡೆದರು. ಮಳೆಗಾಲ ಮುಗಿಯುವಾಗ ಮತ್ತೆ ದಿಮ್ಮಿ ಹತ್ತಿದರು. ಕುರು ಎಂದು ಬಂದವರ ಗಂಟಿನ ಮೇಲೆ ದುಗ್ಗಕ್ಕ ಈಗ ಮೊದಲು ಅಂಗೈ ಇಟ್ಟು ಸುಮ್ಮನೆ ಕೂರುತ್ತಿದ್ದರು. ಗಂಟು ಕೈಯನ್ನು ಎತ್ತಿದರೆ ಲೇಪವೂ ಇಲ್ಲ, ಮುಳ್ಳೂ ಇಲ್ಲ, ಪುತ್ತೂರಿನ ಬಸ್ಸು. ಅಂಥದ್ದು ಸಾವಿರಕ್ಕೊಂದು ಎಂದು ಡಾಕ್ಟರ್ ಉದಯಶಂಕರ ಹೇಳಿದ್ದರು. ಆ ಒಂದು ಯಾರದೆಂದು ಮುಖದಲ್ಲಿ ಬರೆದಿರುವುದಿಲ್ಲವಲ್ಲ ಎಂಬುದು ದುಗ್ಗಕ್ಕನ ಉತ್ತರ.

ಸಂಗತಿ ಇಲ್ಲಿಗೆ ಮುಗಿದಿದ್ದರೆ ಇದು ಮದರಾಸಿನ ಕತೆಯಾಗುತ್ತಿತ್ತು. ದುಗ್ಗಕ್ಕನ ಕತೆಯಾದದ್ದು ಆಮೇಲೆ. ಆ ಚಳಿಗಾಲದಲ್ಲಿ ಕೊಲ್ಲಮೊಗ್ರಿನ ಕಡೆ ಮರ ನೋಡಲು ಹೋಗಿದ್ದ ಪೋಕರ್ ಒಂದು ಸುದ್ದಿ ತಂದರು. ಅಲ್ಲಿ ಅಪ್ಪಿ ಎಂಬವರಿಗೆ ಬೇಟೆಯಲ್ಲಿ ಹಂದಿಯ ದಾಡೆ ತಾಗಿತ್ತಂತೆ. ತೊಡೆಯ ಗಾಯ ಒಣಗಿದ ಮೇಲೆ ಅದೇ ಜಾಗದಲ್ಲಿ ಗಂಟು ಎದ್ದಿದೆಯಂತೆ. ಕುಶಾಲಪ್ಪ ಲೇಪ ಹಾಕುತ್ತಿದ್ದಾರೆ, ಹಣ್ಣಾಗುತ್ತಿಲ್ಲ. ಆದರೂ ನಾಡಿದ್ದು ಚೂರಿ ಇಡುತ್ತಾರಂತೆ.

ದುಗ್ಗಕ್ಕ ಸೌಟು ಕೆಳಗಿಟ್ಟರು. "ಹೊಡೀತದಂತಾ?" ಎಂದು ಕೇಳಿದರು.

"ಅದು ಗೊತ್ತಿಲ್ಲ ಅಕ್ಕ. ಆದ್ರೆ ಮಲಗಿದ್ರೆ ಕಂಬಳಿ ಅಲ್ಲಾಡ್ತದೆ ಅಂತ ಅವರ ಹೆಂಡತಿ ಹೇಳಿದ್ಲು."

ಯಾರ ಬಾಗಿಲಿಗೆ ಹೋಗುವುದಕ್ಕಿಂತ ಸಾಯುವುದು ಮೇಲು ಎಂದಿದ್ದರೋ ಆ ಬಾಗಿಲಿಗೆ ದುಗ್ಗಕ್ಕ ಮರುದಿನವೇ ಹೊರಟರು. ಮೇದಪ್ಪಣ್ಣ ಜೊತೆಗೆ ಹೊರಟರು. ಭಾನುವಾರವಾದ್ದರಿಂದ ನಾನೂ ಹೋದೆ. ಗುತ್ತಿಗಾರಿನ ತನಕ ಬಸ್ಸು, ಮುಂದೆ ಕಾಲುದಾರಿ. ದಾರಿಯುದ್ದಕ್ಕೂ ಮೇದಪ್ಪಣ್ಣನೇ ಮುಂದೆ. ದುಗ್ಗಕ್ಕ ಹೋಗಿ ಜಗಳ ಮಾಡಿ ಬಂದರೆ ಅಪ್ಪಿಯ ಗತಿ ಏನು ಎಂದು ನನಗೆ ಭಯ.

ಕುಶಾಲಪ್ಪ ಅಂಗಳದಲ್ಲೇ ಇದ್ದರು. ದುಗ್ಗಕ್ಕನನ್ನು ನೋಡಿ ಮೊದಲು ನಂಬಲಿಲ್ಲ, ಆಮೇಲೆ ಮುಖ ಅರಳಿತು. "ಬಾಗಿಲಿಗೆ ಬರ್ತಿ ಅಂತ ಹೇಳಿದ್ದೆನಲ್ಲ. ಸೋತೆ ಅಂತ ಒಪ್ಲಿಕ್ಕೆ ಬಂದದ್ದಾ?"

"ಹೌದು ಅಣ್ಣ, ಸೋತೆ" ಎಂದರು ದುಗ್ಗಕ್ಕ. "ಒಳಗೆ ಕರಿ."

ಜಗಳಕ್ಕೆ ಸಿದ್ಧವಾಗಿದ್ದ ಕುಶಾಲಪ್ಪ ಚಾಪೆ ಹಾಸಿದರು, ಬೆಲ್ಲ ನೀರು ಕೊಟ್ಟರು. ಮೇದಪ್ಪಣ್ಣ ಪಂಚೆ ಎತ್ತಿ ಮೊಣಕಾಲಿನ ಹಿಂದಿನ ಉದ್ದದ ಹೊಲಿಗೆಯ ಗೀರು ತೋರಿಸಿದರು, ಎಡತೊಡೆಯ ಗೀರನ್ನೂ ತೋರಿಸಿದರು. ದುಗ್ಗಕ್ಕ ಪುತ್ತೂರಿನಲ್ಲಿ ಕೈಯ ಕೆಳಗೆ ಗಂಟು ಇಳಿದದ್ದನ್ನು, ಡಾಕ್ಟರು ಹೇಳಿದ್ದನ್ನು, ಮದರಾಸಿನಲ್ಲಿ ಹೊಲಿದದ್ದನ್ನು ಒಂದೊಂದಾಗಿ ಹೇಳಿದರು. ಏನನ್ನೂ ಬಿಡಲಿಲ್ಲ, ತನ್ನ ಪರವಾಗಿ ಏನನ್ನೂ ಸೇರಿಸಲಿಲ್ಲ. ಕುಶಾಲಪ್ಪನ ನಗು ಎಲ್ಲಿ ನಿಂತಿತೆಂದು ನಾನು ಗಮನಿಸಲಿಲ್ಲ. ಕೊನೆಗೆ ಅವರು ತಮ್ಮ ಅಂಗೈಯನ್ನೇ ನೋಡುತ್ತಾ ಕೂತಿದ್ದರು.

"ಆ ದಿನ ನೀನು ಕೆಂಡದ ಮಡಕೆ ಎಸೆಯದಿದ್ರೆ..." ಎಂದರು.

"ನೀನು ಕೊಲ್ತಿದ್ದೆ" ಎಂದರು ದುಗ್ಗಕ್ಕ. "ನೀನು ಬಾರದಿದ್ರೆ ಅದೇ ದಿನ ಸಂಜೆ ನಾನು ಕೊಲ್ತಿದ್ದೆ. ಅದನ್ನು ಹೇಳ್ಲಿಕ್ಕೇ ನಾನು ಬಂದದ್ದು."

ಕುಶಾಲಪ್ಪ ಎದ್ದು ಬೈರಾಸಿನ ಹೆಗಲುಬಟ್ಟೆ ಹಾಕಿಕೊಂಡರು. ನಾವೂ ಎದ್ದೆವು. ಅಪ್ಪಿಯ ಮನೆ ಗುಡ್ಡದ ಆಚೆ. ಅವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಕಟ್ಟಿದ ಲೇಪ ಬಿಚ್ಚಿ ಮೊದಲು ಕುಶಾಲಪ್ಪ ಅಂಗೈ ಇಟ್ಟರು. ಅವರ ಕೈ ಎದ್ದು ಬಿದ್ದು ಎದ್ದು ಬಿದ್ದು ಆಗುವುದನ್ನು ಎಲ್ಲರೂ ನೋಡಿದೆವು. ಅವರು ಕೈ ತೆಗೆದು ದುಗ್ಗಕ್ಕನಿಗೆ ಜಾಗ ಬಿಟ್ಟರು. ದುಗ್ಗಕ್ಕ ಇಟ್ಟು ನೋಡಿ ತಲೆ ಆಡಿಸಿದರು.

"ಹಣ್ಣಾಯ್ತಾ? ನಾಳೆ ಒಡೀಬಹುದಾ?" ಎಂದು ಅಪ್ಪಿ ಆಸೆಯಿಂದ ಕೇಳಿದರು.

ಕುಶಾಲಪ್ಪ ದುಗ್ಗಕ್ಕನ ಮುಖ ನೋಡಿದರು. ಆ ಮಾತು ಅವರೇ ಹೇಳಲಿ ಎಂದು ದುಗ್ಗಕ್ಕ ಕಾದರು.

"ಇದು ನನ್ನ ಕೈಯಲ್ಲೂ ಆಗುದಿಲ್ಲ, ಇವಳ ಕೈಯಲ್ಲೂ ಆಗುದಿಲ್ಲ" ಎಂದರು ಕುಶಾಲಪ್ಪ. "ನಾಳೆ ಬೆಳಗಿನ ಬಸ್ಸಿಗೆ ಪುತ್ತೂರಿಗೆ ಹೋಗುವ. ನಾನೇ ಕರ್ಕೊಂಡು ಹೋಗ್ತೇನೆ."